ಕ್ಯಾರಲ್‌ಳ ತಾಯಿ ಪರ್ಲ್ ಬಕ್



ಫಿನೈಲ್‌ಕೀಟೋನ್ಯೂರಿಯಾ ಎಂಬ ಆನುವಂಶಿಕ ಕಾಯಿಲೆಯ ಬಗ್ಗೆ ಜೀವಶಾಸ್ತ್ರದ ಪುಸ್ತಕದಲ್ಲಿ ನಾಲ್ಕಾರು ಸಾಲು ಇರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆ ಕಾಯಿಲೆಯ ಮಗುವನ್ನು ಸಾಕಿದ ಒಬ್ಬ ತಾಯಿಯ ಕಥೆ ತಿಳಿದ ಮೇಲೆ ನನಗೆ ಆ ಸಾಲುಗಳು ಮರೆಯದಂತಾದವು. ಆಕೆ ಲೇಖಕಿ ಪರ್ಲ್ ಬಕ್.

ಪರ್ಲ್ 1892ರ ಜೂನ್ 26ರಂದು ಅಮೆರಿಕದಲ್ಲಿ ಹುಟ್ಟಿದರು. ಬೆಳೆದದ್ದು ಚೀನಾದಲ್ಲಿ, ತಂದೆ-ತಾಯಿ ಅಲ್ಲಿ ಮಿಷನರಿಗಳಾಗಿದ್ದರು. 1917ರಲ್ಲಿ ಕೃಷಿತಜ್ಞ ಜಾನ್ ಲಾಸಿಂಗ್ ಬಕ್ ಅವರನ್ನು ಮದುವೆಯಾದರು. 1920ರಲ್ಲಿ ಮಗಳು ಕ್ಯಾರಲ್ ಹುಟ್ಟಿದಳು. ಲಕ್ಷಣವಾದ ಕೂಸು. ಚರ್ಮದ ಮೇಲೆ ಇಸುಬು ಇತ್ತು, ಅಷ್ಟೇ. ಆದರೆ ವಾರಿಗೆಯ ಮಕ್ಕಳು ಮಾತು ಕಲಿತರೂ ಕ್ಯಾರಲ್‌ಗೆ ಮಾತು ಬರಲಿಲ್ಲ.

ತಾಯಿ ಮಗಳನ್ನು ಎತ್ತಿಕೊಂಡು ವೈದ್ಯರಿಂದ ವೈದ್ಯರಿಗೆ ಅಲೆದರು. ಕೆಲವರು ಸುಮ್ಮನೆ ಭರವಸೆ ಕೊಟ್ಟರು. ಕೊನೆಗೆ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಒಬ್ಬ ವೈದ್ಯರು ಈ ಮಗುವಿನ ಬುದ್ಧಿ ಬೆಳೆಯುವುದಿಲ್ಲವೆಂದು ನೇರವಾಗಿ ತಿಳಿಸಿದರು. ಮಾತು ಕಠಿಣವಾಗಿತ್ತು, ಆದರೂ ನಿಜ ಹೇಳಿದ ಆ ವೈದ್ಯರಿಗೆ ಪರ್ಲ್ ಮುಂದೆ ಕೃತಜ್ಞರಾಗಿದ್ದರು.

ತಮ್ಮ ನಂತರ ಮಗಳ ಗತಿ ಏನು ಎಂಬ ಚಿಂತೆ ಅವರನ್ನು ಕಾಡಿತು. 1929ರಲ್ಲಿ ಅವಳನ್ನು ನ್ಯೂಜೆರ್ಸಿಯ ವೈನ್‌ಲ್ಯಾಂಡ್ ತರಬೇತಿ ಶಾಲೆಗೆ ಸೇರಿಸಿದರು. ಅಲ್ಲಿನ ಖರ್ಚು ದೊಡ್ಡದು. ಅವರು ಪಟ್ಟುಹಿಡಿದು ಬರೆಯಲು ಅದೂ ಒಂದು ಕಾರಣ. 1931ರಲ್ಲಿ ಚೀನಾದ ರೈತನ ಬದುಕಿನ ಕಾದಂಬರಿ ‘ದಿ ಗುಡ್ ಅರ್ಥ್’ ಹೊರಬಂತು. 1938ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಆ ಗೌರವ ಪಡೆದ ಮೊದಲ ಅಮೆರಿಕನ್ ಮಹಿಳೆ ಅವರೇ.

ಇಷ್ಟೆಲ್ಲ ಹೆಸರು ಬಂದರೂ ಮಗಳ ವಿಷಯವನ್ನು ಅವರು ಜನರ ಮುಂದೆ ಹೇಳಿರಲಿಲ್ಲ. 1950ರಲ್ಲಿ ಒಂದು ಪುಸ್ತಕ ಬರೆದು ಎಲ್ಲವನ್ನೂ ಹೇಳಿಕೊಂಡರು. ಅಂಥ ಮಕ್ಕಳನ್ನು ಮನೆಯೊಳಗೆ ಮುಚ್ಚಿಡುತ್ತಿದ್ದ ಎಷ್ಟೋ ತಂದೆ-ತಾಯಿಗಳಿಗೆ ಅದು ಧೈರ್ಯ ಕೊಟ್ಟಿತು.

ಕಾಯಿಲೆಯ ಹೆಸರು ಮಾತ್ರ ಆಗಲೂ ಅವರಿಗೆ ಗೊತ್ತಿರಲಿಲ್ಲ. ನಾರ್ವೆಯ ವೈದ್ಯ ಫೋಲಿಂಗ್ 1934ರಲ್ಲೇ ಅದನ್ನು ಗುರುತಿಸಿದ್ದರು. ತನ್ನ ಇಬ್ಬರು ಮಕ್ಕಳಿಗೆ ಏನಾಗಿದೆ ಎಂದು ಬಿಡದೆ ಕೇಳುತ್ತಿದ್ದ ಒಬ್ಬ ತಾಯಿಯೇ ಅದಕ್ಕೆ ಕಾರಣ. ಆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಮಾರ್ಪಡಿಸುವ ಕಿಣ್ವ ಇವರ ಯಕೃತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಅದು ರಕ್ತದಲ್ಲಿ ಸೇರುತ್ತ ಹೋಗಿ ಮೆದುಳಿಗೆ ಹಾನಿ ಮಾಡುತ್ತದೆ. ಹಾಲಿನಲ್ಲೂ ಆ ಆಮ್ಲ ಇರುತ್ತದೆ. ತಾಯಿ ಪ್ರೀತಿಯಿಂದ ಕುಡಿಸಿದ ಹಾಲೇ ಮಗುವಿಗೆ ಮುಳುವಾಗುತ್ತಿತ್ತು ಎಂಬುದನ್ನು ಓದಿ ನನ್ನ ಕಣ್ಣು ತುಂಬಿ ಬಂತು.

1950ರ ದಶಕದಲ್ಲಿ ಇದಕ್ಕೆ ವಿಶೇಷ ಆಹಾರ ಬಂತು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗುತ್ರಿ ಎಂಬ ವಿಜ್ಞಾನಿ, ಹಸುಗೂಸಿನ ಹಿಮ್ಮಡಿಯ ಒಂದು ಹನಿ ರಕ್ತದಿಂದ ಕಾಯಿಲೆ ಪತ್ತೆಹಚ್ಚುವ ವಿಧಾನ ಕಂಡುಹಿಡಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಗೊತ್ತಾಗಿ ಪಥ್ಯ ಆರಂಭಿಸಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಕ್ಯಾರಲ್‌ಳ ಕಾಯಿಲೆ ಇದೇ ಎಂದು ತಿಳಿದಾಗ ಅವಳಿಗೆ ನಲವತ್ತರ ಆಸುಪಾಸು. ಕಾಲ ಮೀರಿತ್ತು. ಪರ್ಲ್ 1973ರಲ್ಲಿ ತೀರಿಕೊಂಡರು. ಸಂಗೀತವೆಂದರೆ ಪ್ರಾಣವಾಗಿದ್ದ ಕ್ಯಾರಲ್ ವೈನ್‌ಲ್ಯಾಂಡ್‌ನಲ್ಲೇ 1992ರವರೆಗೆ ಬದುಕಿದಳು.

ನಮ್ಮ ಕಟಕೋಳದ ಸುತ್ತಮುತ್ತ ಇಂಥ ಮಗು ಹುಟ್ಟಿದರೆ ಜನ ಮೊದಲು ಬೆರಳು ಮಾಡುವುದು ತಾಯಿಯ ಕಡೆಗೆ. ವಿಜ್ಞಾನ ಹಾಗೆ ಹೇಳುವುದಿಲ್ಲ. ದೋಷವಿರುವ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಾತ್ರ ಈ ಕಾಯಿಲೆ. ಅಂಥ ಜೀನ್ ಇರುವ ದಂಪತಿಗೆ ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಂಭವ ಹೆಚ್ಚು. ಇದನ್ನು ಮನೆಯ ಹಿರಿಯರಿಗೆ ನಾವೇ ತಿಳಿಸಿ ಹೇಳಬೇಕು.

ಓಣಿಯಲ್ಲಿ ಯಾವುದಾದರೂ ಕೂಸಿನ ಬೆಳವಣಿಗೆ ತಡವಾಗಿದೆ ಎನಿಸಿದರೆ ಆಶಾ ಕಾರ್ಯಕರ್ತೆಗೆ ತಿಳಿಸೋಣ. ಬೇಗ ತೋರಿಸಿದಷ್ಟೂ ಒಳ್ಳೆಯದು. ಆ ತಾಯಿಯ ಮುಂದೆ ತಪ್ಪು ಯಾರದು ಎಂಬ ಮಾತು ಬೇಡ. ಅವಳ ಮಗುವನ್ನು ಒಂದು ಗಳಿಗೆ ಎತ್ತಿಕೊಂಡರೂ ಅದು ದೊಡ್ಡ ಉಪಕಾರ.