ಸಾವಿನ ಲೆಕ್ಕ ಬರೆದ ದಾದಿ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ದಾದಿ ಎಂದು ನಾವೆಲ್ಲ ಓದಿದ್ದೇವೆ. ಅವರು ಲೆಕ್ಕದಲ್ಲೂ ಗಟ್ಟಿಗರು.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದರು. ಮಗಳು ದಾದಿಯಾಗುವುದು ಮನೆಯವರಿಗೆ ಇಷ್ಟವಿರಲಿಲ್ಲ. ಆದರೂ ಅವರು ಹಟ ಬಿಡಲಿಲ್ಲ. ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ರ ನವೆಂಬರ್‌ನಲ್ಲಿ, 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದರು. ಅಲ್ಲಿ ಗಾಯಕ್ಕಿಂತ ಕಾಲರಾ, ಭೇದಿ, ಜ್ವರದಿಂದಲೇ ಹೆಚ್ಚು ಸೈನಿಕರು ಸಾಯುತ್ತಿದ್ದರು. ಹಗಲು ರಾತ್ರಿ ಆರೈಕೆ ಮಾಡಿದರೂ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. 1855ರ ಮಾರ್ಚ್‌ನಲ್ಲಿ ಸರ್ಕಾರದ ತಂಡ ಬಂದು ಚರಂಡಿ ಸ್ವಚ್ಛ ಮಾಡಿಸಿ, ಕೋಣೆಗಳಿಗೆ ಗಾಳಿ ಬರುವಂತೆ ಮಾಡಿದ ಮೇಲೆ ಸಾವು ಇಳಿಯಿತು.

ಇಂಗ್ಲೆಂಡಿಗೆ ಮರಳಿದ ಮೇಲೆ, ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರ ಜೊತೆ ಲೆಕ್ಕ ಹಾಕಿದಾಗ ಸತ್ಯ ಸ್ಪಷ್ಟವಾಯಿತು. ತಾವು ಸೇವೆ ಮಾಡಿದ ಆಸ್ಪತ್ರೆಯ ಕೊಳಕೇ ಬಹಳ ಜನರ ಪ್ರಾಣ ತೆಗೆದಿತ್ತು. ದೇಶವೆಲ್ಲ ಅವರನ್ನು ಹೊಗಳುತ್ತಿತ್ತು. ಆದರೂ 1858ರಲ್ಲಿ ಆ ಅಂಕಿಗಳನ್ನು ಬಣ್ಣದ ನಕ್ಷೆಯಾಗಿ ಅಚ್ಚು ಹಾಕಿಸಿ ಅಧಿಕಾರಿಗಳ ಮುಂದಿಟ್ಟರು. ದಾದಿಯರು ದಿನಕ್ಕೆ ಹಲವು ಸಲ ಕೈ ತೊಳೆಯಬೇಕು ಎಂದು ಬರೆದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. 1910ರಲ್ಲಿ ತೀರಿಕೊಂಡರು.

ನಾವು ಕಾಮರ್ಸ್ ವಿದ್ಯಾರ್ಥಿಗಳು ಲಾಭ ನಷ್ಟದ ಲೆಕ್ಕ ಬರೆಯುತ್ತೇವೆ. ನಷ್ಟವನ್ನು ಮುಚ್ಚಿಡದ ಲೆಕ್ಕ ಜೀವವನ್ನೂ ಉಳಿಸುತ್ತದೆ.