ವಿಲ್ಹೆಲ್ಮ್ ಮೇಬ್ಯಾಕ್

ವಿಲ್ಹೆಲ್ಮ್ ಮೇಬ್ಯಾಕ್ (9 ಫೆಬ್ರವರಿ 1846 – 29 ಡಿಸೆಂಬರ್ 1929) ಜರ್ಮನಿಯ ಎಂಜಿನ್ ವಿನ್ಯಾಸಕರು ಹಾಗೂ ಉದ್ಯಮಿ. ಜೇನುಗೂಡು ಮಾದರಿಯ ರೇಡಿಯೇಟರ್ ರೂಪಿಸಿ, ಕಾರಿನ ಎಂಜಿನ್ನಿನ ಶಾಖವನ್ನು ಹತೋಟಿಗೆ ತಂದವರೆಂದು ಇವರು ಪ್ರಸಿದ್ಧರು.

ಆರಂಭಿಕ ಜೀವನ

ಮೇಬ್ಯಾಕ್ ಅವರು ಹೈಲ್‌ಬ್ರಾನ್‌ನಲ್ಲಿ ಬಡಗಿಯೊಬ್ಬರ ಮಗನಾಗಿ ಜನಿಸಿದರು. ಹತ್ತನೆಯ ವಯಸ್ಸಿನಲ್ಲಿ ತಂದೆತಾಯಿಯರಿಬ್ಬರನ್ನೂ ಕಳೆದುಕೊಂಡು, ರಾಯ್ಟ್ಲಿಂಗನ್ನಿನ ಅನಾಥಾಶ್ರಮದಲ್ಲಿ ಬೆಳೆದರು. ಅಲ್ಲಿನ ಕಾರ್ಯಾಗಾರದಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಆ ಕಾರ್ಯಾಗಾರದ ಮುಖ್ಯಸ್ಥರಾಗಿದ್ದ ಗಾಟ್ಲೀಬ್ ಡೈಮ್ಲರ್ ಇವರ ಪ್ರತಿಭೆಯನ್ನು ಗುರುತಿಸಿದರು. ಇಬ್ಬರ ಒಡನಾಟ 1900ರಲ್ಲಿ ಡೈಮ್ಲರ್ ನಿಧನರಾಗುವವರೆಗೂ ಮುಂದುವರಿಯಿತು.

ಎಂಜಿನ್ ಮತ್ತು ಶಾಖದ ಸಮಸ್ಯೆ

1885ರಲ್ಲಿ ಇಬ್ಬರೂ ಸೇರಿ ಹಗುರವಾದ, ವೇಗವಾಗಿ ತಿರುಗುವ ಪೆಟ್ರೋಲ್ ಎಂಜಿನ್ ನಿರ್ಮಿಸಿದರು. ಇಂಥ ಎಂಜಿನ್ನಿನಲ್ಲಿ ಇಂಧನ ಉರಿದಾಗ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಶಾಖವನ್ನು ಹೊರಹಾಕದಿದ್ದರೆ ಎಣ್ಣೆಯ ಪದರ ತೆಳುವಾಗಿ, ಹಿಗ್ಗಿದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಅತಿಯಾಗಿ ತಂಪಾಗಿದ್ದರೂ ಹಾನಿಯೇ. ಇಂಧನ ಪೂರ್ಣವಾಗಿ ಆವಿಯಾಗದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುವುದರಿಂದ ಸವೆತವೂ ಇಂಧನದ ಖರ್ಚೂ ಹೆಚ್ಚುತ್ತವೆ.

ಆರಂಭದ ಕೆಲವು ಕಾರುಗಳಲ್ಲಿ ನೀರು ಕುದಿದು ಆವಿಯಾಗಿಯೇ ಎಂಜಿನ್ನನ್ನು ತಣಿಸುತ್ತಿತ್ತು. ಆದ್ದರಿಂದ ಪ್ರಯಾಣದ ನಡುವೆ ಮತ್ತೆ ಮತ್ತೆ ನೀರು ತುಂಬಬೇಕಾಗುತ್ತಿತ್ತು. ಮೇಬ್ಯಾಕ್ ಅವರು 1889ರ ಉಕ್ಕಿನ ಚಕ್ರದ ಕಾರಿನಲ್ಲಿ ಚೌಕಟ್ಟಿನ ಕೊಳವೆಗಳೊಳಗೇ ನೀರು ಹರಿಯುವಂತೆ ಮಾಡಿದರು.

ಜೇನುಗೂಡು ರೇಡಿಯೇಟರ್

ಎಮಿಲ್ ಯೆಲ್ಲಿನೆಕ್ ಅವರ ಬೇಡಿಕೆಯಂತೆ 1900ರಲ್ಲಿ ಮೇಬ್ಯಾಕ್ ಅವರು 35 ಅಶ್ವಶಕ್ತಿಯ ಮರ್ಸಿಡಿಸ್ ಕಾರನ್ನು ವಿನ್ಯಾಸಗೊಳಿಸಿದರು. ಅದರ ರೇಡಿಯೇಟರಿನಲ್ಲಿ 6 ಮಿಲಿಮೀಟರ್ ಅಗಲದ 8,070 ಚೌಕ ಕೊಳವೆಗಳಿದ್ದವು. ಕೊಳವೆಗಳೊಳಗೆ ಗಾಳಿ, ಅವುಗಳ ಸಂದುಗಳಲ್ಲಿ ನೀರು ಹರಿಯುತ್ತಿತ್ತು. ಕಾರು ನಿಧಾನವಾಗಿ ಸಾಗುವಾಗ ಫ್ಯಾನ್ ಗಾಳಿಯನ್ನು ಎಳೆಯುತ್ತಿತ್ತು. ಇದರಿಂದ ಬೇಕಾಗುವ ನೀರು 18 ಲೀಟರಿನಿಂದ 9 ಲೀಟರಿಗೆ ಇಳಿಯಿತು. 1901ರ ಮಾರ್ಚ್‌ನಲ್ಲಿ ನೀಸ್ ನಗರದ ಸ್ಪರ್ಧೆಗಳಲ್ಲಿ ಈ ಕಾರು ಜಯಗಳಿಸಿತು.

ಕೊನೆಯ ವರ್ಷಗಳು

ಡೈಮ್ಲರ್ ಅವರ ಮರಣಾನಂತರ ಕಂಪನಿಯಲ್ಲಿ ಮೇಬ್ಯಾಕ್ ಅವರ ಸ್ಥಾನ ಕುಗ್ಗುತ್ತ ಬಂದು, 1907ರಲ್ಲಿ ಅವರು ಹೊರನಡೆದರು. 1909ರಲ್ಲಿ ಕೌಂಟ್ ಜೆಪ್ಪೆಲಿನ್ ಅವರ ಸಹಯೋಗದಲ್ಲಿ ವಾಯುನೌಕೆಗಳ ಎಂಜಿನ್ ತಯಾರಿಸುವ ಸಂಸ್ಥೆಯನ್ನು ಸ್ಥಾಪಿಸಿದರು. ಅದನ್ನು ಮಗ ಕಾರ್ಲ್ ಮುನ್ನಡೆಸಿದರು. ಮೇಬ್ಯಾಕ್ ಅವರು 1929ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನಿಧನರಾದರು.

ಪ್ರಭಾವ

ಇಂದಿನ ಕಾರುಗಳಲ್ಲಿ ಥರ್ಮೋಸ್ಟಾಟ್, ಒತ್ತಡ ತಡೆಯುವ ಮುಚ್ಚಳ ಹಾಗೂ ಗ್ಲೈಕಾಲ್ ಬೆರೆಸಿದ ಕೂಲೆಂಟ್ ಸೇರಿ ಉಷ್ಣತೆಯನ್ನು ಸಾಮಾನ್ಯವಾಗಿ 90 ಡಿಗ್ರಿಯ ಆಸುಪಾಸಿನಲ್ಲಿ ಕಾಯುತ್ತವೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಂಥ ಘಾಟಿಯನ್ನು ಏರುವಾಗ ವೇಗ ಕಡಿಮೆ, ಎಂಜಿನ್ನಿನ ಮೇಲಿನ ಹೊರೆ ಹೆಚ್ಚು. ಆಗ ಕಾರು ಕುದಿಯದೆ ಸಾಗುವುದು ಇವರು ಒಂದುಗೂಡಿಸಿದ ರೇಡಿಯೇಟರ್ ಮತ್ತು ಫ್ಯಾನ್ ತತ್ತ್ವದ ಬಲದಿಂದಲೇ.