ಈ ಹೋಮ್ಸ್ ಬೇರೆ

ಹೋಮ್ಸ್ ಅಂದ ತಕ್ಷಣ ನಮ್ಮೆಲ್ಲರ ತಲೆಗೆ ಬರೋದು ಶೆರ್ಲಾಕ್. ಕಳ್ಳತನ ಆದಮೇಲೆ ಬರೋ ಹೋಮ್ಸ್ ಅವನು, ಅದೂ ಕಥೆಯಲ್ಲಿ. ನಾವು ಇವತ್ತು ಹೇಳೋಕೆ ಹೊರಟಿರೋದು ನಿಜವಾಗಿ ಬದುಕಿದ್ದ ಇನ್ನೊಬ್ಬ ಹೋಮ್ಸ್ ಬಗ್ಗೆ. ಹೆಸರು ಎಡ್ವಿನ್ ಹೋಮ್ಸ್, ಅಮೆರಿಕದವನು. ಕಳ್ಳ ಬಾಗಿಲು ತೆಗೆದ ಕೂಡಲೇ ಹೊಡ್ಕೊಳ್ಳೋ ಬರ್ಗ್ಲರ್ ಅಲಾರಂ ಇದೆಯಲ್ಲ, ಅದನ್ನ ಜನರ ಮನೆಗಳಿಗೆ ತಲುಪಿಸಿದವನು.

ಇವನ ಬಗ್ಗೆ ನಾವು ಓದೋಕೆ ಶುರು ಮಾಡಿದ್ದು ಆಸಕ್ತಿಯಿಂದ ಅಲ್ಲ, ಸಂಕಟದಿಂದ. ಕಾಲೇಜಿನ ಹಿಂದಿನ ರಸ್ತೆಯಲ್ಲಿ ನಾವು ಮೂವರು ಬಾಡಿಗೆಗೆ ಇರೋ ಮನೆಯಲ್ಲಿ ಕಳೆದ ದಸರಾ ರಜೆಯಲ್ಲಿ ಕಳ್ಳತನ ಆಯ್ತು. ಮನೆಯಲ್ಲಿ ಅಲಾರಂ ಇತ್ತು, ಆದ್ರೆ ಹೊಡ್ಕೊಳ್ಳಲಿಲ್ಲ. ಯಾಕೆ ಅನ್ನೋದನ್ನ ಕೊನೆಗೆ ಹೇಳ್ತೀವಿ. ಮೊದಲು ಹೋಮ್ಸ್ ಕಥೆ.

ಅಲಾರಂ ಕಂಡುಹಿಡಿದವನು ಹೋಮ್ಸ್ ಅಲ್ಲ. ಬಾಸ್ಟನ್ ಪಕ್ಕದ ಸಾಮರ್‌ವಿಲ್ ಅನ್ನೋ ಊರಿನ ಆಗಸ್ಟಸ್ ರಸೆಲ್ ಪೋಪ್ 1853ರ ಜೂನ್‌ನಲ್ಲಿ ವಿದ್ಯುತ್ ಅಲಾರಂಗೆ ಪೇಟೆಂಟ್ ತಗೊಂಡಿದ್ದ. ಮೊದಲನೇ ಸೆಮಿಸ್ಟರಿನ ಬೇಸಿಕ್ ಎಲೆಕ್ಟ್ರಿಕಲ್ ಪಾಸಾದ ಯಾರಿಗಾದ್ರೂ ಅರ್ಥ ಆಗೋವಷ್ಟು ಸರಳ ಸರ್ಕ್ಯೂಟ್ ಅದು. ಪ್ರತಿ ಬಾಗಿಲಿಗೂ ಪ್ರತಿ ಕಿಟಕಿಗೂ ಒಂದೊಂದು ಸ್ವಿಚ್, ಎಲ್ಲವೂ ಪ್ಯಾರಲಲ್‌ನಲ್ಲಿ. ಯಾವುದಾದ್ರೂ ಒಂದು ತೆರೆದುಕೊಂಡ್ರೆ ಸರ್ಕ್ಯೂಟ್ ಪೂರ್ತಿಯಾಗುತ್ತೆ, ಎಲೆಕ್ಟ್ರೋಮ್ಯಾಗ್ನೆಟ್ ಕೆಲಸ ಶುರು ಮಾಡುತ್ತೆ, ಸಣ್ಣ ಸುತ್ತಿಗೆಯೊಂದು ಹಿತ್ತಾಳೆ ಗಂಟೆಯನ್ನ ಬಡಿಯುತ್ತೆ. ಕಳ್ಳ ಗಾಬರಿಯಾಗಿ ಬಾಗಿಲು ಮುಚ್ಚಿದ್ರೂ ಗಂಟೆ ನಿಲ್ಲಲ್ಲ, ಯಾಕಂದ್ರೆ ಬಾಗಿಲ ಮೇಲಿನ ಸ್ಪ್ರಿಂಗ್ ಸಂಪರ್ಕವನ್ನ ಹಿಡಿದೇ ಇರುತ್ತೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಲ್ಯಾಚ್.

1857ರಲ್ಲಿ ಹೋಮ್ಸ್ ಪೋಪ್‌ನಿಂದ ಇದರ ಹಕ್ಕು ಕೊಂಡುಕೊಂಡ. ಹೋಮ್ಸ್ ಆಗ ವಿಜ್ಞಾನಿಯೂ ಅಲ್ಲ, ಎಂಜಿನಿಯರೂ ಅಲ್ಲ, ಬಾಸ್ಟನ್ನಿನ ಒಬ್ಬ ವ್ಯಾಪಾರಿ. ಕೈಯಲ್ಲಿ ಪೇಟೆಂಟ್ ಇತ್ತು, ಕೊಳ್ಳೋರು ಇರಲಿಲ್ಲ. ಎಡಿಸನ್ನನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾಗಿದ್ದೇ 1882ರಲ್ಲಿ, ಅಂದ್ರೆ ಇನ್ನೂ 25 ವರ್ಷ ಬಾಕಿ. ಮನೆಯಲ್ಲಿ ಒಂದು ಬಲ್ಬ್ ಕೂಡ ನೋಡದ ಜನರ ಹತ್ತಿರ ಹೋಗಿ, ನಿಮ್ಮ ಕಿಟಕಿಗಳಿಗೆಲ್ಲ ತಂತಿ ಎಳೀತೀವಿ, ಅದರಲ್ಲಿ ವಿದ್ಯುತ್ ಹರಿಯುತ್ತೆ ಅಂದ್ರೆ ಯಾರು ತಾನೇ ಒಪ್ತಾರೆ? ಜನ ಕಳ್ಳನಿಗಿಂತ ಜಾಸ್ತಿ ತಂತಿಗೆ ಹೆದರಿದ್ರು.

ಹೋಮ್ಸ್ 1859ರಲ್ಲಿ ನ್ಯೂಯಾರ್ಕ್‌ಗೆ ಹೋದ. ಕಾರಣ ಕೇಳಿದ್ರೆ ನಗು ಬರುತ್ತೆ: ದೇಶದ ಕಳ್ಳರೆಲ್ಲ ಅಲ್ಲೇ ಇದ್ದಾರೆ ಅನ್ನೋದು ಅವನ ಲೆಕ್ಕ. ಅಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ, ಅಲಾರಂ ಹಾಕಿಸಿಕೊಂಡು ಖುಷಿಯಾಗಿದ್ದ ಗಿರಾಕಿಗಳ ಮಾತುಗಳನ್ನ ಸೇರಿಸಿ ಪುಸ್ತಿಕೆ ಅಚ್ಚು ಮಾಡಿಸಿ ಹಂಚಿದ. ನಾವು ಆನ್‌ಲೈನ್‌ನಲ್ಲಿ ಏನಾದ್ರೂ ಕೊಳ್ಳೋ ಮುಂಚೆ ರಿವ್ಯೂ ಓದ್ತೀವಲ್ಲ, ಹಾಗೇ. ನಿಧಾನಕ್ಕೆ ನಂಬಿಕೆ ಹುಟ್ಟಿತು. 1866ರ ಹೊತ್ತಿಗೆ ಸುಮಾರು 1,200 ಮನೆಗಳಲ್ಲಿ ಅವನ ಅಲಾರಂ ಇತ್ತು. ಆಮೇಲೆ ಅಂಗಡಿಗಳು, ಬ್ಯಾಂಕುಗಳು.

ಇಲ್ಲಿಗೆ ಕಥೆ ಮುಗಿದು ಹೋಮ್ಸ್ ಶ್ರೀಮಂತನಾದ ಅಂತ ಬರೆದುಬಿಡಬಹುದಿತ್ತು. ಆದ್ರೆ ನಮಗೆ ಮುಖ್ಯ ಅನಿಸಿದ್ದು ಶುರುವಾಗೋದೇ ಇಲ್ಲಿಂದ.

1,200 ಮನೆ ಅಂದ್ರೆ ಕನಿಷ್ಠ 1,200 ಕಡೆ ಬ್ಯಾಟರಿ. ಆ ಕಾಲದ ಬ್ಯಾಟರಿ ಅಂದ್ರೆ ಅಂಗಡಿಯಿಂದ ತಂದು ಹಾಕೋ ಸೆಲ್ ಅಲ್ಲ. ದ್ರಾವಣ ತುಂಬಿದ ಗಾಜಿನ ಜಾಡಿಗಳು. ಒಂದು ಥರದ ಸೆಲ್‌ನಲ್ಲಿ ಮೈಲುತುತ್ತದ ನೀರು, ಅದರಲ್ಲಿ ತಾಮ್ರ ಮತ್ತು ಸತು. ನೀರು ಆವಿಯಾಗುತ್ತೆ, ತುಂಬಿಸಬೇಕು. ಸತು ಕರಗುತ್ತಾ ಹೋಗುತ್ತೆ, ಬದಲಾಯಿಸಬೇಕು. ತಂತಿ ಸೇರೋ ಜಾಗದಲ್ಲಿ ಕಿಲುಬು ಹಿಡಿಯುತ್ತೆ, ಉಜ್ಜಬೇಕು. ಬಾಗಿಲ ಸ್ಪ್ರಿಂಗ್ ಸಡಿಲ ಆಗುತ್ತೆ. ಇದ್ಯಾವುದನ್ನೂ ಮಾಡದೇ ಬಿಟ್ರೆ ಏನಾಗುತ್ತೆ? ಏನೂ ಆಗಲ್ಲ. ಅದೇ ಸಮಸ್ಯೆ. ಫ್ಯಾನ್ ಕೆಟ್ರೆ ಸೆಕೆಯಾಗುತ್ತೆ, ಪಂಪ್ ಕೆಟ್ರೆ ನಲ್ಲಿಯಲ್ಲಿ ನೀರು ಬರಲ್ಲ. ಅಲಾರಂ ಕೆಟ್ರೆ ಸುಮ್ಮನಿರುತ್ತೆ. ಸರಿಯಾಗಿರೋ ಅಲಾರಂ ಕೂಡ ವರ್ಷದ 365 ದಿನವೂ ಸುಮ್ಮನೇ ಇರುತ್ತೆ. ಎರಡು ಮೌನಕ್ಕೂ ಇರೋ ವ್ಯತ್ಯಾಸ ಗೊತ್ತಾಗೋದು ಕಳ್ಳ ಬಂದ ರಾತ್ರಿ ಮಾತ್ರ.

ಪೋಪ್‌ನ ಸರ್ಕ್ಯೂಟಿನ ದೌರ್ಬಲ್ಯವೂ ಇದೇ. ಬಾಗಿಲು ತೆರೆದಾಗ ಮಾತ್ರ ಕರೆಂಟ್ ಹರಿಯೋದ್ರಿಂದ ಬ್ಯಾಟರಿ ಉಳಿತಾಯ ಆಗುತ್ತೆ, ಖರ್ಚು ಕಮ್ಮಿ. ಆದ್ರೆ ತಂತಿ ತುಂಡಾಗಿದ್ರೆ, ಬ್ಯಾಟರಿ ಸತ್ತಿದ್ರೆ ಯಾರಿಗೂ ಗೊತ್ತಾಗಲ್ಲ. ಇದನ್ನೇ ತಿರುಗಿಸಿ, ಯಾವಾಗಲೂ ಸಣ್ಣ ಕರೆಂಟ್ ಹರೀತಾ ಇರೋ ಹಾಗೆ, ಅದು ನಿಂತ ಕೂಡಲೇ ಗಂಟೆ ಹೊಡೆಯೋ ಹಾಗೆ ಮಾಡಬಹುದು. ಆಗ ತಂತಿ ಕತ್ತರಿಸಿದ್ರೂ ಗೊತ್ತಾಗುತ್ತೆ. ಆದ್ರೆ ಬ್ಯಾಟರಿ ಹಗಲೂ ರಾತ್ರಿ ಸವೆಯುತ್ತೆ, ಪದೇಪದೇ ಯಾರಾದ್ರೂ ಹೋಗಿ ನೋಡಬೇಕು. ಅಂದ್ರೆ ಇಲ್ಲಿ ಪುಕ್ಕಟೆ ಅನ್ನೋದೇ ಇಲ್ಲ. ನಂಬಿಕೆ ಬೇಕು ಅಂದ್ರೆ ಪ್ರತಿದಿನ ಸ್ವಲ್ಪ ಸ್ವಲ್ಪ ಕೊಡ್ತಾ ಇರಬೇಕು.

1870ರ ದಶಕದಲ್ಲಿ ಹೋಮ್ಸ್ ಕೇಂದ್ರ ಕಚೇರಿ ಪದ್ಧತಿಗೆ ಬಂದ. ಗಿರಾಕಿಯ ಕಟ್ಟಡದಿಂದ ತಂತಿ ನೇರವಾಗಿ ಅವನ ಕಚೇರಿಗೆ ಬರುತ್ತೆ, ಅಲ್ಲಿ ರಾತ್ರಿಯಿಡೀ ಜನ ಎಚ್ಚರ ಇರ್ತಾರೆ. ಸಂಜ್ಞೆ ಬಂದ್ರೆ ಆಳುಗಳು ಓಡ್ತಾರೆ. ಮೊದಲು ಗಂಟೆ ಮಾರ್ತಿದ್ದವನು ಈಗ ಕಾವಲು ಮಾರೋಕೆ ಶುರು ಮಾಡಿದ. ಗಂಟೆಗೆ ದುಡ್ಡು ಒಂದೇ ಸಲ, ಕಾವಲಿಗೆ ಮತ್ತೆ ಮತ್ತೆ. ಇವತ್ತು ನಾವು ಬೈಕೊಂಡು ಕಟ್ಟೋ ಎಎಂಸಿ, ಸಬ್‌ಸ್ಕ್ರಿಪ್ಶನ್ ಎಲ್ಲದರ ಅಜ್ಜ ಇದೇ ಅನಿಸುತ್ತೆ ನಮಗೆ.

ಈ ತಂತಿಗಳಿಗೆ ಇನ್ನೊಂದು ಕಥೆ ಇದೆ. ಹೋಮ್ಸ್‌ಗೆ ಉಪಕರಣ ಮಾಡಿಕೊಡ್ತಿದ್ದದ್ದು ಬಾಸ್ಟನ್ನಿನ ಚಾರ್ಲ್ಸ್ ವಿಲಿಯಮ್ಸ್‌ನ ವರ್ಕ್‌ಶಾಪ್. ಅದೇ ವರ್ಕ್‌ಶಾಪಿನಲ್ಲಿ ಥಾಮಸ್ ವ್ಯಾಟ್ಸನ್ ಅನ್ನೋ ಹುಡುಗ ಕೆಲಸ ಮಾಡ್ತಿದ್ದ, ಗ್ರಹಾಂ ಬೆಲ್ ತನ್ನ ಪ್ರಯೋಗಗಳಿಗೆ ಅಲ್ಲಿಗೇ ಬರ್ತಿದ್ದ. 1876ರಲ್ಲಿ ಬೆಲ್‌ಗೆ ಟೆಲಿಫೋನ್ ಪೇಟೆಂಟ್ ಸಿಕ್ತು. ಟೆಲಿಫೋನ್ ಇತ್ತು, ಆದ್ರೆ ಊರಲ್ಲಿ ತಂತಿ ಬೇಕಲ್ಲ? ಹೋಮ್ಸ್ ಹತ್ತಿರ ತಂತಿ ಆಗಲೇ ಇತ್ತು, ಅದೂ ಹಗಲೆಲ್ಲ ಖಾಲಿ ಬಿದ್ದಿತ್ತು. 1877ರ ಮೇ ತಿಂಗಳಲ್ಲಿ ಬಾಸ್ಟನ್ನಿನ ಹೋಮ್ಸ್ ಕಚೇರಿಯಲ್ಲಿ ಒಂದು ಸ್ವಿಚ್‌ಬೋರ್ಡ್ ಶುರುವಾಯ್ತು. ಬ್ಯಾಂಕುಗಳ ಅದೇ ತಂತಿಗಳಲ್ಲಿ ಹಗಲು ಮಾತು, ರಾತ್ರಿ ಕಾವಲು. ಟೈಮ್ ಡಿವಿಷನ್ ಮಲ್ಟಿಪ್ಲೆಕ್ಸಿಂಗ್ ಅಂತ ನಾವು ತಮಾಷೆ ಮಾಡಿದ್ವಿ. ಮುಂದಿನ ವರ್ಷ ಹೋಮ್ಸ್ ನ್ಯೂಯಾರ್ಕಿನ ಬೆಲ್ ಟೆಲಿಫೋನ್ ಕಂಪನಿಯ ಅಧ್ಯಕ್ಷನಾದ. ಆಮೇಲೆ ತನ್ನ ಪಾಲನ್ನ ಒಂದು ಲಕ್ಷ ಡಾಲರ್‌ಗೆ ಮಾರಿದ. ಆದ್ರೆ ಅಲಾರಂಗೆ ಟೆಲಿಫೋನ್ ತಂತಿ ಬಳಸೋ ಹಕ್ಕನ್ನ ಮಾತ್ರ ಬಿಟ್ಟುಕೊಡಲಿಲ್ಲ. ಟೆಲಿಫೋನ್ ಹೋದ್ರೂ ಪರವಾಗಿಲ್ಲ, ಕಾವಲು ಇರಲಿ ಅನ್ನೋ ಥರ. ಮುಂದೆ ಮಗ ಎಡ್ವಿನ್ ಥಾಮಸ್ ಹೋಮ್ಸ್ ಕಂಪನಿ ನಡೆಸಿದ. 1905ರಲ್ಲಿ ಅದು ಅಮೆರಿಕದ ದೊಡ್ಡ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಪಾಲಾಯ್ತು.

ಈಗ ನಮ್ಮ ಮನೆ ವಿಷಯ. ಓನರ್ ಅಂಕಲ್ ಮನೆ ಕಟ್ಟಿಸಿದಾಗಲೇ ಅಲಾರಂ ಹಾಕಿಸಿದ್ರು. ನಾವು ಬಂದಾಗ ಎಎಂಸಿ ಮುಗಿದಿತ್ತು. ವರ್ಷಕ್ಕೆ 3,000 ರೂಪಾಯಿ ಆಗುತ್ತೆ, ಬೇಕಾದ್ರೆ ಮೂವರೂ ಹಂಚಿಕೊಂಡು ಮಾಡಿಸಿಕೊಳ್ಳಿ ಅಂದ್ರು. ತಲೆಗೆ ಸಾವಿರ. ನಾವು ನಕ್ಕುಬಿಟ್ವಿ. ಪ್ಯಾನೆಲ್‌ನಲ್ಲಿ ಹಸಿರು ಲೈಟ್ ಉರೀತಿದೆ, ಇನ್ನೇನು ಸರ್ವಿಸ್ ಅಂತ. ದಸರಾಗೆ ಊರಿಗೆ ಹೋಗುವಾಗ ಜಾಣರ ಹಾಗೆ ಮೇನ್ ಸ್ವಿಚ್ ಆಫ್ ಮಾಡಿ ಹೋದ್ವಿ. ಆಗ ಪ್ಯಾನೆಲ್‌ಗೆ ಉಳಿದಿದ್ದು ಒಳಗಿನ 12 ವೋಲ್ಟ್ ಬ್ಯಾಟರಿ ಒಂದೇ.

ಕಳ್ಳತನ ಆದಮೇಲೆ ಮುಚ್ಚಳ ತೆಗೆದು ನೋಡಿದ್ವಿ. ಬ್ಯಾಟರಿ ಉಬ್ಬಿಕೊಂಡಿತ್ತು. ಲ್ಯಾಬ್‌ನಿಂದ ಮಲ್ಟಿಮೀಟರ್ ತಂದು ಅಳೆದ್ವಿ, 4 ವೋಲ್ಟ್ ಕೂಡ ಇರಲಿಲ್ಲ. ಮೇಲಿದ್ದ ತಾರೀಖಿನ ಪ್ರಕಾರ ಆರು ವರ್ಷ ಹಳೇದು. ಸರ್ವಿಸ್‌ಗೆ ಬಂದವನು ಮೊದಲ ಹತ್ತು ನಿಮಿಷದಲ್ಲಿ ಬದಲಾಯಿಸ್ತಿದ್ದ. ಹೋಗಿದ್ದು ಒಂದೇ ಲ್ಯಾಪ್‌ಟಾಪ್. ಆದ್ರೆ ಅದು ನಮ್ಮಲ್ಲಿ ಒಬ್ಬನಿಗೆ ಅವನ ಅಪ್ಪ ಊರಿನ ಸಹಕಾರ ಸಂಘದಲ್ಲಿ ಸಾಲ ಮಾಡಿ ಕೊಡಿಸಿದ್ದು. ಕಂತು ಇನ್ನೂ ಹೋಗ್ತಾ ಇದೆ. ಅವನು ಇವತ್ತಿಗೂ ಮನೆಯಲ್ಲಿ ಹೇಳಿಲ್ಲ, ಮಿನಿ ಪ್ರಾಜೆಕ್ಟನ್ನ ನಮ್ಮ ಲ್ಯಾಪ್‌ಟಾಪ್‌ನಲ್ಲಿ ನಾವು ಮಲಗಿದ ಮೇಲೆ ಮಾಡ್ತಾನೆ.

ವರ್ಷಕ್ಕೆ ಸಾವಿರ ಅಂದ್ರೆ ತಲೆಗೆ ದಿನಕ್ಕೆ ಮೂರು ರೂಪಾಯಿಗೂ ಕಮ್ಮಿ. ಕ್ಯಾಂಟೀನಿನಲ್ಲಿ ಅರ್ಧ ಟೀ ಕೂಡ ಬರಲ್ಲ. ಈ ಲೆಕ್ಕ ನಾವು ಮಾಡಿದ್ದು ಆಮೇಲೆ.

ಹೋಮ್ಸ್ ಹೋಗಿ ನೂರು ವರ್ಷದ ಮೇಲಾಯ್ತು. ಗಾಜಿನ ಜಾಡಿ ಹೋಗಿ ಸೀಲ್ಡ್ ಬ್ಯಾಟರಿ ಬಂತು, ತಂತಿ ಹೋಗಿ ವೈಫೈ ಬಂತು. ಆದ್ರೂ ಯಾರಾದ್ರೂ ಹೋಗಿ ನೋಡಲೇಬೇಕು ಅನ್ನೋದು ಬದಲಾಗಿಲ್ಲ. ನಿಮ್ಮ ಮನೆಯಲ್ಲೋ ಪಿಜಿಯಲ್ಲೋ ಅಲಾರಂ ಇದ್ರೆ ಈ ಭಾನುವಾರ ಒಂದು ಕೆಲಸ ಮಾಡಿ. ಅಕ್ಕಪಕ್ಕದವರಿಗೆ ಹೇಳಿ, ಮೇನ್ ಆಫ್ ಮಾಡಿ, ಅಲಾರಂ ಆನ್ ಇಟ್ಟು ಬಾಗಿಲು ತೆಗೆಯಿರಿ. ಕಿವಿ ಕಿತ್ತುಹೋಗೋ ಹಾಗೆ ಹೊಡ್ಕೊಂಡ್ರೆ ಸಂತೋಷ. ಸುಮ್ಮನಿದ್ರೆ, ಸೋಮವಾರವೇ ಬ್ಯಾಟರಿ ಬದಲಾಯಿಸಿ.

ನಾವು ಬದಲಾಯಿಸಿದ್ದೀವಿ. ಹೊಸ ಬ್ಯಾಟರಿಗೆ ದುಡ್ಡು ಕೊಡೋಕೆ ಮೊದಲು ಕೈ ಚಾಚಿದ್ದು ಲ್ಯಾಪ್‌ಟಾಪ್ ಕಳ್ಕೊಂಡವನೇ.